ಪುಕ್ಕಟೆ ಇಮೇಲ್: ಖರ್ಚು ಯಾರದು, ವಿಳಾಸ ಯಾರದು?

2025ರ ಜುಲೈ 22. ನಯಾರಾ ಎನರ್ಜಿ ಕಂಪನಿಯ ಇಮೇಲ್ ನಿಂತುಹೋಯಿತು. ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಶುದ್ಧೀಕರಣ ಘಟಕ ನಡೆಸುವ ಕಂಪನಿ ಇದು. ಅದರಲ್ಲಿ ರಷ್ಯಾದ ತೈಲ ಕಂಪನಿ ರಾಸ್‌ನೆಫ್ಟ್‌ಗೆ ಪಾಲಿದೆ. ಕೆಲವೇ ದಿನ ಮುಂಚೆ ಯುರೋಪಿಯನ್ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತ್ತು. ಅದಾದ ಮೇಲೆ ಮೈಕ್ರೋಸಾಫ್ಟ್ ತನ್ನ ಸೇವೆ ನಿಲ್ಲಿಸಿತು. ಲೈಸೆನ್ಸಿಗೆ ಪೂರ್ತಿ ಹಣ ಕಟ್ಟಿದ್ದೇವೆ, ಡೇಟಾ ನಮ್ಮದು ಎಂದು ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು. ತಿಂಗಳು ಮುಗಿಯುವ ಹೊತ್ತಿಗೆ ಸೇವೆ ಮರಳಿ ಬಂತು.

ನಡುವಿನ ಆ ದಿನಗಳಲ್ಲಿ ಕಂಪನಿ ಮೇಲ್‌ಗೆ ಎಲ್ಲಿ ಹೋಯಿತು ಗೊತ್ತಾ? ರೆಡಿಫ್‌ಗೆ, ನಮ್ಮ ದೇಶದ್ದೇ ಹಳೆಯ ಮೇಲ್ ಸೇವೆಗೆ. ಪತ್ರಿಕೆಯಲ್ಲಿ ಆ ಹೆಸರು ನೋಡಿ ನಾನು ಒಂದು ಕ್ಷಣ ಸುಮ್ಮನೆ ಕುಳಿತೆ. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಕಾಲೇಜಿನ ಅರ್ಧ ಹುಡುಗರ ವಿಳಾಸ ರೆಡಿಫ್‌ಮೇಲ್‌ನಲ್ಲೇ ಇತ್ತು.

ಹಣ ಕಟ್ಟಿದ ಕಂಪನಿಗೇ ಹೀಗಾದರೆ, ಒಂದು ಪೈಸೆಯೂ ಕೊಡದೆ ಮೇಲ್ ಬಳಸುತ್ತಿರುವ ನಮ್ಮ ಕಥೆ ಏನು? ಬ್ಯಾಂಕು, ವಿಮೆ, ಮಕ್ಕಳ ಶಾಲೆ, ಪಾಸ್‌ಪೋರ್ಟ್, ಎಲ್ಲ ಕಡೆ ಕೊಟ್ಟಿರುವುದು ಅದೇ ವಿಳಾಸ. ಇದಕ್ಕೆ ಉತ್ತರ ಬೇಕಾದರೆ ಪುಕ್ಕಟೆ ಮೇಲ್ ಹುಟ್ಟಿದ ಕಾಲಕ್ಕೆ ಹೋಗಬೇಕು. ಆಗ ಒಂದೊಂದು ದೇಶದಲ್ಲಿ ಅದರ ಖರ್ಚನ್ನು ಒಬ್ಬೊಬ್ಬರು ಹೊತ್ತಿದ್ದರು. ಹೊತ್ತವರು ಎಷ್ಟು ದಿನ ಬಾಳಿದರೋ ಆ ವಿಳಾಸಗಳೂ ಅಷ್ಟೇ ದಿನ ಬಾಳಿದವು.

ಮೊದಲು ಅಮೆರಿಕ. 1996ರ ಏಪ್ರಿಲ್‌ನಲ್ಲಿ ಜುನೋ ಎಂಬ ಕಂಪನಿ ಪುಕ್ಕಟೆ ಇಮೇಲ್ ಶುರು ಮಾಡಿತು. ಅದಕ್ಕೆ ಇಂಟರ್ನೆಟ್ ಸಂಪರ್ಕವೇ ಬೇಕಿರಲಿಲ್ಲ. ಅವರು ಕೊಟ್ಟ ತಂತ್ರಾಂಶ ಹಾಕಿಕೊಂಡು, ಅವರ ನಂಬರಿಗೆ ಡಯಲ್ ಮಾಡಿ, ಮೇಲ್ ಇಳಿಸಿಕೊಂಡು ಫೋನ್ ಇಡುವುದು. ಪರದೆಯ ಮೇಲೆ ಜಾಹೀರಾತು ಬರುತ್ತಿತ್ತು. ಖರ್ಚು ಹೊತ್ತವರು ಜಾಹೀರಾತುದಾರರು.

ಅದೇ ವರ್ಷ ಜುಲೈ 4ರಂದು ಹಾಟ್‌ಮೇಲ್ ಬಂತು. ಕಟ್ಟಿದವರು ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್. ಭಾಟಿಯಾ ಹುಟ್ಟಿದ್ದು ಚಂಡೀಗಢದಲ್ಲಿ, ಬೆಳೆದದ್ದು ನಮ್ಮ ಬೆಂಗಳೂರಿನಲ್ಲಿ. ಇಬ್ಬರೂ ಒಂದೇ ಕಡೆ ಕೆಲಸಕ್ಕಿದ್ದರು. ಹೊಸ ಕಂಪನಿ ಮಾಡುವ ಮಾತನ್ನು ಆಫೀಸಿನ ಮೇಲ್‌ನಲ್ಲಿ ಆಡಿದರೆ ಯಜಮಾನರ ಕಣ್ಣಿಗೆ ಬೀಳುವ ಭಯ. ಆಫೀಸಿನಿಂದ ಸ್ವಂತ ಮೇಲ್ ತೆರೆಯಲೂ ಆಗುತ್ತಿರಲಿಲ್ಲ. ಹಾಗಾದರೆ ಬ್ರೌಸರ್‌ನಲ್ಲೇ, ಯಾವ ಊರಿನ ಯಾವ ಕಂಪ್ಯೂಟರ್‌ನಿಂದ ಬೇಕಾದರೂ ತೆರೆಯುವ ಮೇಲ್ ಯಾಕಿರಬಾರದು? ಹುಟ್ಟಿದ್ದು ಹಾಗೆ.

ಹಣ ಹಾಕಿದ ಟಿಮ್ ಡ್ರೇಪರ್ ಒಂದು ಉಪಾಯ ಹೇಳಿದರು. ಹೋಗುವ ಪ್ರತಿ ಮೇಲ್‌ನ ಅಡಿಯಲ್ಲೂ 'ನೀವೂ ಹಾಟ್‌ಮೇಲ್‌ನಲ್ಲಿ ಉಚಿತ ಖಾತೆ ಪಡೆಯಿರಿ' ಎಂಬ ಅರ್ಥದ ಒಂದು ಸಾಲು ಹಾಕಿ ಎಂದು. ಭಾಟಿಯಾ, ಸ್ಮಿತ್ ಮೊದಲು ಒಪ್ಪಲಿಲ್ಲ. ಪರರ ಪತ್ರದಲ್ಲಿ ನಮ್ಮ ಸಾಲು ತೂರಿಸುವುದು ಸರಿಯಲ್ಲ ಅನಿಸಿರಬೇಕು. ಕೊನೆಗೆ ಒಪ್ಪಿದರು. ಅಮೆರಿಕದಿಂದ ಒಬ್ಬರು ಮನೆಗೆ ಮೇಲ್ ಕಳಿಸಿದರೆ ಸಾಕು, ಆ ಸಾಲು ಬೆಂಗಳೂರಿಗೂ ಬರುತ್ತಿತ್ತು. ಭಾರತದಲ್ಲಿ ಹಾಟ್‌ಮೇಲ್ ಹರಡಿದ್ದು ಹೀಗೆ ಪತ್ರದಿಂದ ಪತ್ರಕ್ಕೆ. 1997ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರ್ ಕೊಟ್ಟು ಕೊಂಡಾಗ ಬಳಕೆದಾರರು ಸುಮಾರು 85 ಲಕ್ಷ. ಅಷ್ಟು ಜನರ ವಿಳಾಸ ಒಂದೇ ಸಹಿಯಲ್ಲಿ ಕೈ ಬದಲಾಯಿತು. ಅವರಲ್ಲಿ ಯಾರನ್ನೂ ಯಾರೂ ಕೇಳಲಿಲ್ಲ. ಕೇಳಬೇಕು ಅಂತ ಆಗ ಯಾರಿಗೂ ಅನಿಸಿರಲೂ ಇಲ್ಲ.

ನಮ್ಮಲ್ಲಿ ಇಂಟರ್ನೆಟ್ ಜನರ ಕೈಗೆ ಬಂದದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. 250 ಗಂಟೆಯ ಡಯಲ್‌ಅಪ್‌ಗೆ ಮನೆ ಗ್ರಾಹಕರಿಗೆ 5,000 ರೂಪಾಯಿ. ಫೋನ್ ಬಿಲ್ ಬೇರೆ. ಇಂಟರ್ನೆಟ್ ಕೊಂಡವರಿಗೆ ವಿಎಸ್‌ಎನ್‌ಎಲ್ ವಿಳಾಸವೂ ಸಿಗುತ್ತಿತ್ತು. ಸಂಪರ್ಕ ಬಿಟ್ಟರೆ ವಿಳಾಸವೂ ಹೋಗುತ್ತಿತ್ತು. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದದ್ದು 1998ರ ಕೊನೆಯಲ್ಲಿ. ಆಮೇಲೆ ಬೀದಿಗೊಂದು ಸೈಬರ್ ಕೆಫೆ. ಸ್ವಂತ ಕಂಪ್ಯೂಟರ್ ಇಲ್ಲದವನಿಗೂ ಸ್ವಂತ ವಿಳಾಸ ಸಿಕ್ಕಿದ್ದು ಆ ಕೆಫೆ ಮತ್ತು ಪುಕ್ಕಟೆ ವೆಬ್‌ಮೇಲ್ ಕೂಡಿದಾಗ. ಇದನ್ನು ಚಿಕ್ಕ ವಿಷಯ ಅಂತ ನಾನು ಒಪ್ಪುವುದಿಲ್ಲ. ಬಾಡಿಗೆ ಮನೆ ಬದಲಾಯಿಸುತ್ತಲೇ ಇದ್ದ ನಮ್ಮಂಥ ಮನೆಗಳಿಗೆ ಬದಲಾಗದ ವಿಳಾಸ ಅಂತ ಒಂದು ಸಿಕ್ಕಿದ್ದು ಅದೇ ಮೊದಲು.

ನನ್ನದು ಶಿವಮೊಗ್ಗದ ಒಂದು ಕೆಫೆ. ಗಂಟೆಗೆ 30 ರೂಪಾಯಿ. ಪ್ಲೈವುಡ್ ಗೂಡು, ಕಾಲಿಗೆ ತಾಗುವ ಸಿಪಿಯು, ಶಿಫ್ಟ್ ಕೀಲಿ ಕೂರದ ಕೀಬೋರ್ಡ್. ಅಕ್ಕ ಮದುವೆಯಾಗಿ ನ್ಯೂಜೆರ್ಸಿಗೆ ಹೋಗಿದ್ದಳು. ಅವಳ ಮೇಲ್ ಕನ್ನಡದ್ದೇ, ಅಕ್ಷರ ಮಾತ್ರ ಇಂಗ್ಲಿಷಿನದ್ದು. 1998ರಲ್ಲೇ ಕನ್ನಡ ಟೈಪ್ ಮಾಡುವ 'ಬರಹ' ತಂತ್ರಾಂಶ ಬಂದಿತ್ತು, ನಿಜ. ಆದರೆ ಅದರ ಫಾಂಟ್ ಎರಡೂ ಕಡೆ ಇರಬೇಕಿತ್ತು. ಕೆಫೆಯಲ್ಲಿ ಅದನ್ನು ಹಾಕಿಕೊಡುವವರು ಯಾರು? ಅಮ್ಮನಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ. ಪ್ರಿಂಟಿಗೆ ಪುಟಕ್ಕೆ 10 ರೂಪಾಯಿ. ಅದಕ್ಕೇ ನಾನು ಒಂದು 200 ಪುಟದ ನೋಟ್‌ಬುಕ್ ಇಟ್ಟುಕೊಂಡಿದ್ದೆ. ಗಡಿಯಾರ ನೋಡುತ್ತಾ ಅಕ್ಕನ ಪತ್ರವನ್ನು ಕನ್ನಡದಲ್ಲಿ ಇಳಿಸಿಕೊಳ್ಳುವುದು, ಮನೆಗೆ ಬಂದು ಅಮ್ಮನಿಗೆ ಓದುವುದು. ಅಮ್ಮ ಕೆಲವು ಸಾಲುಗಳನ್ನು ಎರಡೆರಡು ಸಲ ಓದಿಸುತ್ತಿದ್ದಳು.

ಆ ಕಾಲದಲ್ಲಿ ಹಾಟ್‌ಮೇಲ್ ಕೊಡುತ್ತಿದ್ದ ಜಾಗ 2 ಎಂಬಿ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುವುದು ಕಷ್ಟ. ಅಕ್ಕ ಮಗುವಿನ ಫೋಟೋ ಕಳಿಸುತ್ತೇನೆ ಅಂದರೆ ನಾವು ಮೊದಲು ಹಳೆಯ ಪತ್ರ ಅಳಿಸಬೇಕಿತ್ತು. ಯಾವ ಪತ್ರ ಅಳಿಸುವುದು ಅಂತ ಅಮ್ಮನನ್ನೇ ಕೇಳುತ್ತಿದ್ದೆ.

ಇದೇ ಹೊತ್ತಿಗೆ ಬೇರೆ ದೇಶಗಳು ತಮ್ಮದೇ ದಾರಿ ಹಿಡಿದಿದ್ದವು.

ಬ್ರಿಟನ್‌ನಲ್ಲಿ 1998ರಲ್ಲಿ ಡಿಕ್ಸನ್ಸ್ ಎಂಬ ಎಲೆಕ್ಟ್ರಾನಿಕ್ಸ್ ಅಂಗಡಿ ಸರಣಿ ಫ್ರೀಸರ್ವ್ ಶುರು ಮಾಡಿತು. ತಿಂಗಳ ಬಾಡಿಗೆ ಇಲ್ಲ, ಇಮೇಲ್ ಪುಕ್ಕಟೆ. ಲಾಭ ಬರುತ್ತಿದ್ದದ್ದು ಫೋನ್ ಕರೆಯಿಂದ. ಡಯಲ್‌ಅಪ್‌ಗೆ ಜನ ಕಟ್ಟುತ್ತಿದ್ದ ಕರೆ ಶುಲ್ಕದಲ್ಲಿ ಫ್ರೀಸರ್ವ್‌ಗೂ ಒಂದು ಪಾಲಿತ್ತು. ಆಮೇಲೆ ಬ್ರಾಡ್‌ಬ್ಯಾಂಡ್ ಬಂತು, ಕರೆ ಶುಲ್ಕದ ಆದಾಯ ಹೋಯಿತು. ಫ್ರೀಸರ್ವ್ ಹೋಗಿ ವನಾಡೂ ಆಯಿತು, ವನಾಡೂ ಹೋಗಿ ಆರೆಂಜ್ ಆಯಿತು, ಕೊನೆಗೆ ಇಇ ಕಂಪನಿಯ ಕೈ ಸೇರಿತು. 2017ರ ಮೇ 31ಕ್ಕೆ ಆ ಎಲ್ಲ ವಿಳಾಸಗಳನ್ನೂ ಮುಚ್ಚಿಬಿಟ್ಟರು. ಹೆಚ್ಚುಕಮ್ಮಿ 19 ವರ್ಷ ಒಂದೇ ವಿಳಾಸ ಇಟ್ಟುಕೊಂಡಿದ್ದವರು ಬ್ಯಾಂಕು, ಆಸ್ಪತ್ರೆ, ನೆಂಟರು ಅಂತ ಒಬ್ಬೊಬ್ಬರಿಗೂ ಹೊಸ ವಿಳಾಸ ಹೇಳಿಕೊಂಡು ತಿರುಗಬೇಕಾಯಿತು.

ಫ್ರಾನ್ಸಿನಲ್ಲಿ 2000ದಲ್ಲಿ ಅಂಚೆ ಇಲಾಖೆ ತಾನೇ ಮುಂದೆ ಬಂತು. ಎಲ್ಲರಿಗೂ ಪುಕ್ಕಟೆ ಇಮೇಲ್ ವಿಳಾಸ ಕೊಡುತ್ತೇನೆ ಎಂದಿತು. ಪತ್ರ ತಲುಪಿಸುವುದೇ ಅಂಚೆಯ ಕೆಲಸ ಅಂದಮೇಲೆ ಇದೂ ಅದರ ಕೆಲಸವೇ, ಅಲ್ವಾ? ಖಾಸಗಿಯವರ ಕಥೆ ಬೇರೆಯಾಯಿತು. ಒಂದು ಕಾಲದಲ್ಲಿ ಫ್ರೆಂಚ್ ಹುಡುಗರೆಲ್ಲ ಮುಗಿಬೀಳುತ್ತಿದ್ದ ಕ್ಯಾರಾಮೇಲ್ ಎಂಬ ಸೇವೆ ಮಾಲೀಕರಿಂದ ಮಾಲೀಕರಿಗೆ ದಾಟಿ 2009ರಲ್ಲಿ ಲೈಕಾಸ್ ಯುರೋಪ್ ಕಂಪನಿಯ ಜೊತೆ ಮುಳುಗಿತು. ವ್ವಾಲಾ ಎಂಬ ಇನ್ನೊಂದು ಮೇಲ್ ಸೇವೆ 2016ರ ಜನವರಿಯಲ್ಲಿ ನಿಂತಿತು. ಅಂಚೆಯ ವಿಳಾಸ ಇವತ್ತೂ ನಡೆಯುತ್ತಿದೆ.

ನಮ್ಮ ಅಂಚೆ ಇಲಾಖೆಯೂ 2004ರ ಜನವರಿ 30ರಂದು ಇ-ಪೋಸ್ಟ್ ತಂದಿತು. ಅದು ವಿಳಾಸ ಕೊಡುವ ಯೋಜನೆ ಆಗಿರಲಿಲ್ಲ. ಒಂದು ಕಡೆ ಬರೆದ ಸಂದೇಶ ಇಮೇಲ್‌ನಲ್ಲಿ ಹೋಗಿ, ಇನ್ನೊಂದು ಊರಿನ ಅಂಚೆ ಕಚೇರಿಯಲ್ಲಿ ಪ್ರಿಂಟ್ ಆಗಿ, ಅಂಚೆಯಣ್ಣನ ಕೈಯಲ್ಲಿ ಮನೆಗೆ ಬರುತ್ತಿತ್ತು. ಇಮೇಲ್ ಇಲ್ಲದ ಮನೆಗೂ ಇಮೇಲ್ ತಲುಪಿಸಿದ ಒಳ್ಳೆಯ ಯೋಚನೆ ಅದು. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿ ಮನೆಗೂ ಅಂಚೆಯದೇ ಒಂದು ವಿಳಾಸ ಕೊಟ್ಟಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ಚೀನಾದಲ್ಲಿ ವಿಳಾಸಗಳು ಅಂಕಿಯಲ್ಲಿ ಬಂದವು. 163 ಅಂದರೆ ಅಲ್ಲಿ ಇಂಟರ್ನೆಟ್‌ಗೆ ಡಯಲ್ ಮಾಡುವ ನಂಬರ್. ಅದೇ ಅಂಕಿ ಮೇಲ್‌ಗೂ ಹೆಸರಾಯಿತು. ಇಂಗ್ಲಿಷ್ ಸ್ಪೆಲ್ಲಿಂಗ್ ನೆನಪಿಡುವುದಕ್ಕಿಂತ ಮೂರು ಅಂಕಿ ಸುಲಭ. ಆದರೆ 2000ದ ನಂತರ ಡಾಟ್‌ಕಾಂ ಗುಳ್ಳೆ ಒಡೆದು ಇಂಟರ್ನೆಟ್ ಕಂಪನಿಗಳ ಷೇರು ಕುಸಿದಾಗ ಜಾಹೀರಾತಿನ ಹಣ ಬತ್ತಿತು. 263 ಎಂಬ ದೊಡ್ಡ ಸೇವೆ 2002ರಲ್ಲಿ ಪುಕ್ಕಟೆ ಮೇಲ್ ನಿಲ್ಲಿಸಿ ಎಲ್ಲರಿಗೂ ಹಣ ಕೇಳಿತು. ಅಮೆರಿಕದಲ್ಲೂ ಆ ವರ್ಷವೇ ಯಾಹೂ ತನ್ನ ಪುಕ್ಕಟೆ ಖಾತೆಯಿಂದ ಬೇರೆ ವಿಳಾಸಕ್ಕೆ ಮೇಲ್ ದಾಟಿಸುವ ಸೌಲಭ್ಯಕ್ಕೆ ಶುಲ್ಕ ಹಾಕಿತು. ಇದನ್ನು ಗಮನಿಸಬೇಕು. ಮೇಲ್ ಪುಕ್ಕಟೆಯೇ ಉಳಿಯಿತು. ಬೆಲೆ ಬಿದ್ದದ್ದು ಬಿಟ್ಟು ಹೋಗುವ ದಾರಿಗೆ.

ಕೊರಿಯಾದ ಕಥೆ ನನಗೆ ಎಲ್ಲಕ್ಕಿಂತ ಜಾಸ್ತಿ ಪಾಠ ಹೇಳುತ್ತದೆ. 1997ರಲ್ಲಿ ದೌಮ್ ಎಂಬ ಕಂಪನಿ ಹನ್‌ಮೇಲ್ ಶುರು ಮಾಡಿತು. ಅದು ಆ ದೇಶದ ಮೊದಲ ಪುಕ್ಕಟೆ ವೆಬ್‌ಮೇಲ್. ಕೊರಿಯನ್ ಭಾಷೆಯಲ್ಲೇ ಇತ್ತು. ದೇಶಕ್ಕೆ ದೇಶವೇ ಅದನ್ನು ಹಿಡಿಯಿತು. ಜನ ಜಾಸ್ತಿಯಾದಂತೆ ಕಸದ ಮೇಲ್ ಕೂಡ ಜಾಸ್ತಿಯಾಯಿತು, ಸರ್ವರ್ ಖರ್ಚು ಏರಿತು. 2002ರ ಏಪ್ರಿಲ್‌ನಲ್ಲಿ ದೌಮ್ 'ಆನ್‌ಲೈನ್ ಅಂಚೆಚೀಟಿ' ತಂದಿತು. ಒಂದೇ ಸಲಕ್ಕೆ ಸಾವಿರಕ್ಕಿಂತ ಜಾಸ್ತಿ ಮೇಲ್ ಕಳಿಸುವ ಕಂಪನಿಗಳು ಒಂದೊಂದಕ್ಕೂ 10 ವಾನ್‌ವರೆಗೆ (ವಾನ್ ಅಂದರೆ ಕೊರಿಯಾದ ಹಣ) ಕೊಡಬೇಕು ಎಂದಿತು. ಸಾಮಾನ್ಯ ಬಳಕೆದಾರನಿಗೆ ಏನೂ ಶುಲ್ಕ ಇಲ್ಲ. ಕೇಳಿದರೆ ನ್ಯಾಯ ಅನಿಸುತ್ತದೆ. ಕಸ ಸುರಿಯುವವನು ಗುಡಿಸುವ ಕೂಲಿ ಕೊಡಲಿ.

ಆಗಿದ್ದು ಬೇರೆ. ಅಂಗಡಿಗಳು, ಸೈಟುಗಳು ಸಿಟ್ಟಾದವು. ಹನ್‌ಮೇಲ್ ವಿಳಾಸ ಕೊಡಬೇಡಿ, ಬೇರೆ ಯಾವುದಾದರೂ ಕೊಡಿ ಎಂದು ಗ್ರಾಹಕರಿಗೆ ಹೇಳತೊಡಗಿದವು. ಕೆಲವರು ಅದನ್ನು ತೆಗೆದುಕೊಳ್ಳುವುದನ್ನೇ ಬಿಟ್ಟರು. ಕಂಪನಿ ಕಂಪನಿ ಜಗಳದಲ್ಲಿ ಜನರ ವಿಳಾಸ ನಡುವೆ ಸಿಕ್ಕಿಕೊಂಡಿತು. ಬಹಳ ಜನ ನೇವರ್ ಮುಂತಾದ ಬೇರೆ ಮೇಲ್ ಸೇವೆಗಳಿಗೆ ಹೋದರು. 2005ರಲ್ಲಿ ದೌಮ್ ಅಂಚೆಚೀಟಿ ಯೋಜನೆ ಕೈಬಿಟ್ಟಿತು. ಹೋದವರು ಹೋಗಿಯಾಗಿತ್ತು.

ಎರಡನೆಯ ಪೆಟ್ಟು ಸರ್ಕಾರದ ಕಡೆಯಿಂದ ಬಂತು. ಹುಚ್ಚು ಹಸುವಿನ ರೋಗದ ಬಗ್ಗೆ ಟಿವಿ ಕಾರ್ಯಕ್ರಮ ಮಾಡಿದವರ ಮೇಲೆ ಕೇಸು ಹಾಕಿದ ಪ್ರಾಸಿಕ್ಯೂಟರ್‌ಗಳು 2009ರಲ್ಲಿ ಅದರ ಬರಹಗಾರ್ತಿಯ ಖಾಸಗಿ ಮೇಲ್‌ಗಳನ್ನು ತೆಗೆಸಿ ಬಹಿರಂಗ ಮಾಡಿದರು. ಜನ ಬೆಚ್ಚಿದರು. ಸರ್ವರ್ ದೇಶದಲ್ಲಿದ್ದರೆ ಸರ್ಕಾರದ ಕೈಗೆ ಸಿಗುತ್ತದೆ ಎಂದು ಜಿಮೇಲ್‌ಗೆ ಹೊರಟರು. ಅದಕ್ಕೆ ಅಲ್ಲಿ 'ಸೈಬರ್ ದೇಶಾಂತರ' ಎಂಬರ್ಥದ ಹೆಸರೇ ಬಿತ್ತು.

ಹಾಗಂತ ಪರದೇಶದ ಕಂಪನಿ ಕಾಪಾಡುತ್ತದಾ? ಚೀನಾದ ಪತ್ರಕರ್ತ ಶಿ ತಾವ್ ಯಾಹೂ ಮೇಲ್ ನಂಬಿ ವಿದೇಶಕ್ಕೆ ಸುದ್ದಿ ಕಳಿಸಿದರು. ಯಾಹೂ ಅವರ ಖಾತೆಯ ವಿವರ ಪೊಲೀಸರಿಗೆ ಕೊಟ್ಟಿತು. 2005ರಲ್ಲಿ ಅವರಿಗೆ 10 ವರ್ಷ ಜೈಲು ಶಿಕ್ಷೆಯಾಯಿತು. 2013ರ ಆಗಸ್ಟ್‌ನಲ್ಲಿ ಯಾಹೂ ಚೀನಾದ ಮೇಲ್ ಸೇವೆಯೇ ಮುಚ್ಚಿತು. ಅದಕ್ಕೇ ಸ್ವದೇಶಿ ಒಳ್ಳೆಯದೋ ವಿದೇಶಿ ಒಳ್ಳೆಯದೋ ಎಂಬ ಜಗಳಕ್ಕಿಂತ, ಕಾನೂನು ನಮ್ಮ ಪತ್ರವನ್ನು ಎಷ್ಟು ಕಾಯುತ್ತದೆ ಎಂಬ ಪ್ರಶ್ನೆ ದೊಡ್ಡದು ಅನ್ನುತ್ತೇನೆ.

ಜರ್ಮನಿಯವರು ಮಾತ್ರ ಜಿಎಂಎಕ್ಸ್, ವೆಬ್.ಡಿಇ ಎಂಬ ತಮ್ಮ ಮೇಲ್ ಸೇವೆಗಳನ್ನು ಬಿಟ್ಟುಕೊಡಲಿಲ್ಲ. ಜಿಮೇಲ್ ಎಂಬ ಹೆಸರಿನ ಹಕ್ಕಿಗಾಗಿ ಅಲ್ಲಿ ಕೋರ್ಟಿನಲ್ಲಿ ಜಗಳವಾಗಿ, 2012ರವರೆಗೆ ಗೂಗಲ್ ತನ್ನ ಹೊಸ ಬಳಕೆದಾರರಿಗೆ ಗೂಗಲ್‌ಮೇಲ್ ಎಂಬ ವಿಳಾಸ ಕೊಡಬೇಕಾಯಿತು. ಜೆಕ್ ಜನರಿಗೆ ಸೆಜ್ನಾಮ್, ರಷ್ಯನ್ನರಿಗೆ ಮೇಲ್.ರು ಮತ್ತು ಯಾಂಡೆಕ್ಸ್ ಉಳಿದಿವೆ.

ಉಳಿದ ಕಡೆ ಆಟ ಬದಲಾದದ್ದು 2004ರ ಏಪ್ರಿಲ್ 1ರಂದು. ಜಿಮೇಲ್ 1 ಜಿಬಿ ಜಾಗ ಕೊಡುತ್ತೇನೆ ಎಂದಾಗ ಜನ ಏಪ್ರಿಲ್ ಫೂಲ್ ಅಂದುಕೊಂಡರು. ಆಗ ಹಾಟ್‌ಮೇಲ್‌ನದು 2 ಎಂಬಿ, ಯಾಹೂದು 4. ಪೈಪೋಟಿಗೆ ಇಳಿದ ಚಿಕ್ಕವರಿಗೆ ಡಿಸ್ಕ್ ಖರ್ಚೇ ಹೊರೆಯಾಯಿತು. ಇಂಡಿಯಾಟೈಮ್ಸ್ ತನ್ನ ಮೇಲ್ ಸೇವೆಯನ್ನು 2013ರ ಫೆಬ್ರವರಿಯಲ್ಲಿ ನಿಲ್ಲಿಸಿತು. ರೆಡಿಫ್ ಉಳಿಯಿತು, ಆದರೆ ಬಹಳ ಜನರ ನೆನಪಿನಿಂದ ಜಾರಿತ್ತು.

ಜಾಗ ಜಾಸ್ತಿ ಸಿಕ್ಕಿದ್ದಕ್ಕೆ ನಾನೂ ಖುಷಿಪಟ್ಟವನೇ. ಆ ಹೊತ್ತಿಗೆ ಮನೆಗೆ ಇಂಟರ್ನೆಟ್ ಬಂದಿತ್ತು. ಅಕ್ಕನ ಪತ್ರ ನೋಟ್‌ಬುಕ್ಕಿಗೆ ಇಳಿಸುವುದನ್ನು ಬಿಟ್ಟೆ. ಪರದೆಯಿಂದಲೇ ಅಮ್ಮನಿಗೆ ಓದಿ ಹೇಳುತ್ತಿದ್ದೆ. ಆ ಮೇಲ್ ಇದ್ದದ್ದು ನಮ್ಮ ಹಳೆಯ ಖಾತೆಯಲ್ಲಿ. ಕಂಪನಿಯ ಹೆಸರು ಬೇಡ. ಆಮೇಲೆ ಎಲ್ಲರ ಹಾಗೆ ನಾನೂ ಹೊಸ ಕಡೆ ಖಾತೆ ಮಾಡಿದೆ. ಹಳೆಯದನ್ನು ತೆರೆಯುವುದು ಕಡಿಮೆಯಾಯಿತು. ಸೇವೆ ಮುಚ್ಚುತ್ತೇವೆ ಎಂಬ ನೋಟಿಸ್ ಅವರು ಕಳಿಸಿದ್ದರಂತೆ, ಅದೇ ಹಳೆಯ ಖಾತೆಗೆ. ನಾನು ತೆರೆಯಲು ಹೋದಾಗ ಪಾಸ್‌ವರ್ಡ್ ಕೇಳುವ ಪುಟವೂ ಇರಲಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸಬಹುದು. 2011ರ ಜನವರಿ 20ರಿಂದ ಇಡೀ ದೇಶದಲ್ಲಿ ಆ ಹಕ್ಕಿದೆ. ಇಮೇಲ್‌ಗೆ ಯಾಕಿಲ್ಲ? ಕಾರಣ ವಿಳಾಸದ ಒಳಗೇ ಇದೆ. ಮೊಬೈಲ್ ನಂಬರಿನಲ್ಲಿ ಕಂಪನಿಯ ಹೆಸರಿಲ್ಲ. ಆ ನಂಬರ್ ಈಗ ಯಾವ ಕಂಪನಿಯಲ್ಲಿದೆ ಎಂದು ತಿಳಿಯಲು ಎಲ್ಲ ಕಂಪನಿಗಳೂ ನೋಡುವ ಒಂದು ಪಟ್ಟಿ ಇದೆ. ಇಮೇಲ್‌ನಲ್ಲಿ 'ಅಟ್' ಗುರುತಿನ ನಂತರ ಬರುವುದು ಕಂಪನಿಯ ಡೊಮೈನ್, ಅಂದರೆ ಇಂಟರ್ನೆಟ್‌ನಲ್ಲಿ ಅದರ ಹೆಸರು. ಪತ್ರ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವ ಅಧಿಕಾರ ಆ ಡೊಮೈನ್ ಇಟ್ಟುಕೊಂಡವರದು ಮಾತ್ರ. 'ಅಟ್'ಗೆ ಮೊದಲಿನ ಅರ್ಧ ನಮ್ಮ ಹೆಸರು, ಆಮೇಲಿನ ಅರ್ಧ ಅವರ ಹೆಸರು. ನಾವು ಹೊರಟರೆ ಅವರ ಹೆಸರನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ.

ಆಗ ಇಮೇಲ್ ಬರೀ ಪತ್ರವಾಗಿತ್ತು. ಈಗ ಅದು ಬೀಗದ ಕೈ. ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಅಲ್ಲಿಗೇ. 2013ರಲ್ಲಿ ಯಾಹೂ ಒಂದು ವರ್ಷ ಬಳಸದ ಹೆಸರುಗಳನ್ನು ಬೇರೆಯವರಿಗೆ ಕೊಡುತ್ತೇನೆ ಎಂದಾಗ ಭದ್ರತಾ ತಜ್ಞರು ಗಾಬರಿಯಾದದ್ದು ಇದಕ್ಕೇ. ನಿಮ್ಮ ಹಳೆಯ ವಿಳಾಸ ಪಡೆದವನಿಗೆ ನಿಮ್ಮ ಬೀಗದ ಕೈಯೂ ಸಿಗಬಹುದು. ಎರಡು ವರ್ಷ ಮುಟ್ಟದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸತೊಡಗಿದೆ. ತೀರಿಕೊಂಡವರ ಖಾತೆಗಳೂ ಇದರಲ್ಲಿ ಹೋಗುತ್ತವೆ. ಅಪ್ಪನ ಮೇಲ್ ಆಮೇಲೆ ನೋಡೋಣ ಅಂತ ಸುಮ್ನೆ ಬಿಟ್ಟಿರುವ ಮನೆಗಳು ಈಗಲೇ ಎಚ್ಚರವಾಗಬೇಕು.

ಸರ್ಕಾರ ತನ್ನ ಮಟ್ಟಿಗೆ ಎಚ್ಚೆತ್ತಿದೆ. ಕೇಂದ್ರದ ಸುಮಾರು 12 ಲಕ್ಷ ನೌಕರರ ಮೇಲ್ ಈಗ ಭಾರತದ್ದೇ ಆದ ಜೋಹೋ ಕಂಪನಿಯ ವ್ಯವಸ್ಥೆಗೆ ಹೋಗಿದೆ. 2025ರ ಅಕ್ಟೋಬರ್ 8ರಂದು ಗೃಹ ಸಚಿವ ಅಮಿತ್ ಶಾ ತಾವೂ ಜೋಹೋ ಮೇಲ್‌ಗೆ ಬಂದಿರುವುದಾಗಿ ಹೇಳಿದರು. ಸುದ್ದಿಯಾದದ್ದು ಕಂಪನಿಯ ಹೆಸರು. ನನಗೆ ಮುಖ್ಯ ಅನಿಸಿದ್ದು ಬೇರೆ. ನೌಕರರ ವಿಳಾಸದ ಕೊನೆಯಲ್ಲಿ ಇರುವುದು ಮೊದಲಿನ ಸರ್ಕಾರಿ ಡೊಮೈನ್‌ಗಳೇ. ನಾಳೆ ಜೋಹೋ ಬೇಡವೆಂದರೆ ಸರ್ಕಾರ ಇನ್ನೊಬ್ಬರ ಕಡೆ ಹೋಗಬಹುದು, ವಿಳಾಸ ಬದಲಾಗುವುದಿಲ್ಲ. ಆ ಸೌಕರ್ಯ ಸರ್ಕಾರಕ್ಕಿದೆ, ನಮಗಿಲ್ಲ.

ನಮಗೂ ಬೇಕು ಎಂದು ಕೇಳುವುದು ಅತಿಯಾಸೆ ಅಲ್ಲ. ಸೇವೆ ಮುಚ್ಚುವ ಕಂಪನಿ ಇಂತಿಷ್ಟು ವರ್ಷ ಹೊಸ ವಿಳಾಸಕ್ಕೆ ಮೇಲ್ ದಾಟಿಸಲೇಬೇಕು ಎಂಬ ನಿಯಮ ತರಬಹುದು. ಮನೆ ಬದಲಾಯಿಸಿದಾಗ ಅಂಚೆಯವರು ಪತ್ರವನ್ನು ಹೊಸ ಮನೆಗೆ ತಿರುಗಿಸುತ್ತಾರಲ್ಲ, ಹಾಗೆ. ನೋಟಿಸನ್ನು ಮುಚ್ಚುವ ಖಾತೆಗೆ ಮಾತ್ರ ಕಳಿಸಿ ಕೈ ತೊಳೆದುಕೊಳ್ಳಬಾರದು, ಫೋನಿಗೂ ಹೇಳಬೇಕು ಎಂದು ಕಡ್ಡಾಯ ಮಾಡಬಹುದು. ಇದಕ್ಕೆ ದೊಡ್ಡ ತಂತ್ರಜ್ಞಾನ ಏನೂ ಬೇಡ.

ಅಲ್ಲಿಯವರೆಗೆ ಕೈಲಾಗುವವರು ಸ್ವಂತ ಡೊಮೈನ್ ಇಟ್ಟುಕೊಳ್ಳುವುದು ಒಳ್ಳೆಯದು. ವರ್ಷಕ್ಕೆ ಕೆಲವು ನೂರು ರೂಪಾಯಿಯಿಂದ ಸಿಗುತ್ತದೆ. ಮೇಲ್ ಸೇವೆಗೆ ಬೇರೆ ಖರ್ಚಿದೆ, ನವೀಕರಣ ಮರೆತರೆ ಅದೂ ಕೈತಪ್ಪುತ್ತದೆ. ಆದರೂ ವಿಳಾಸದ ಎರಡೂ ಅರ್ಧ ನಮ್ಮದೇ ಆಗಿರುತ್ತದೆ. ಅದು ಬೇಡ ಅನ್ನುವವರು ಕನಿಷ್ಠ ಪಕ್ಷ ಹಳೆಯ ಮೇಲ್‌ಗಳನ್ನು ಇಳಿಸಿ ಒಂದು ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಗೂಗಲ್ ಖಾತೆಯಲ್ಲಿ ಅದಕ್ಕೆ ಟೇಕ್‌ಔಟ್ ಎಂಬ ಸೌಲಭ್ಯ ಇದೆ. ಖಾತೆ ಬಹುಕಾಲ ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು ಎಂದು ಮೊದಲೇ ಬರೆದಿಡುವ ಸೌಲಭ್ಯವೂ ಇದೆ.

ನಯಾರಾ ಸುದ್ದಿ ಓದಿದ ವಾರ ಅಕ್ಕನಿಗೆ ಫೋನ್ ಮಾಡಿದೆ. ಅಮ್ಮ ಈಗಿಲ್ಲ. ನೋಟ್‌ಬುಕ್ ನನ್ನ ಹತ್ತಿರ ಇದೆ, ಅದು 2004ಕ್ಕೆ ನಿಲ್ಲುತ್ತದೆ.

"ಅಕ್ಕಾ, ಆಮೇಲಿನ ಮೇಲ್‌ಗಳು ನಿನ್ನ ಕಡೆ ಏನಾದರೂ ಉಳಿದಿವೆಯಾ?"

"ಇಲ್ಲ ಕಣೋ. ಅದೆಲ್ಲ ಆಫೀಸಿನ ಮೇಲ್‌ನಿಂದ ಬರೆದದ್ದು. ಆ ಕೆಲಸ ಬಿಟ್ಟಾಗಲೇ ಹೋಯಿತು."

ಆ ಭಾನುವಾರ ಇಬ್ಬರೂ ಫೋನ್ ಹಿಡಿದುಕೊಂಡೇ ಕುಳಿತು, ಅವಳ ಖಾತೆಗೆ ನನ್ನ ಹೆಸರು, ನನ್ನ ಖಾತೆಗೆ ಅವಳ ಹೆಸರು ಹಾಕಿದೆವು. ನನ್ನದರಲ್ಲಿ ಎಂದೋ ಬಿಟ್ಟ ಹಳೆಯ ಮೊಬೈಲ್ ನಂಬರ್ ಇತ್ತು. ಮೊದಲು ಅದನ್ನು ಬದಲಾಯಿಸಿದೆ. ಆಮೇಲೆ ನೋಟ್‌ಬುಕ್ಕಿನ ಒಂದೊಂದೇ ಪುಟದ ಫೋಟೋ ತೆಗೆದು ಅವಳಿಗೆ ಕಳಿಸತೊಡಗಿದೆ. ಮೂವತ್ತನೆಯ ಪುಟದ ಹೊತ್ತಿಗೆ ಅವಳ ಕಡೆ ರಾತ್ರಿಯಾಗಿತ್ತು. ಉಳಿದದ್ದು ನಾಳೆ ಕಳಿಸು ಅಂದಳು.